ಪಟ್ಟಿ

ಹನ್ನೊಂದು ವರ್ಷ ಈ ಮಾಲ್ದಾರೆಯಲ್ಲಿ
ಬಲ್ಬನ್ನು ಸೀಮೆಸುಣ್ಣದಲ್ಲೇ ಉರಿಸಿದೆ.
ಆಮ್ಲಜನಕಕ್ಕೆ ನಾಲ್ಕು ಗುಳ್ಳೆ, ಒಂದು ಬಾಣ.
"ಅಂದವಾದ ಚಿತ್ರ ಬರೆದು ಭಾಗಗಳನ್ನು ಹೆಸರಿಸಿ" ಎಂದೆ,
ಹೆಸರಿಸಿದರು, ಅಂಕ ಕೊಟ್ಟೆ.
ಬೀರುವಿನಲ್ಲಿದ್ದ ಒಂದೇ ಒಂದು ಬೀಕರಿನಲ್ಲಿ
ಹೆಡ್‌ಮಾಸ್ಟರು ಪೆನ್ನು ಇಟ್ಟುಕೊಂಡಿದ್ದರು.

ಆಮೇಲೆ ಕಂಪನಿಯ ವ್ಯಾನು ಬಂತು.
ರಸ್ತೆಗೆ ಅಡ್ಡ ಆನೆ, ಎರಡು ಗಂಟೆ ಕಾದೆ ಎನ್ನುತ್ತ
ಡ್ರೈವರ್ ಮೊಯ್ದು ಆರು ಪೆಟ್ಟಿಗೆ ಇಳಿಸಿದ.
ಪೆಟ್ಟಿಗೆಯ ಮೇಲೆ ಹಸಿರೆಲೆಯ ಮುದ್ರೆ,
ಮಸೂರದ ಹಿಡಿಕೆಯ ಮೇಲೂ, ಪ್ರನಾಳದ ಸ್ಟ್ಯಾಂಡಿನ ಮೇಲೂ.
ನಕ್ಕೆನೇ? ಇಲ್ಲ. ನಿಜ ಹೇಳುತ್ತೇನೆ,
ಎಲ್ಲರೂ ಮನೆಗೆ ಹೋದ ಮೇಲೆ ಬಾಗಿಲು ಹಾಕಿಕೊಂಡು
ಒಂದು ಬ್ಯಾಟರಿ, ಎರಡು ತಂತಿ, ಒಂದು ಬಲ್ಬು
ಜೋಡಿಸಿದೆ.
ಹತ್ತಿತು.
ಕೊಪ್ಪಳದ ಬಿ.ಎಸ್ಸಿ., ಬಿ.ಎಡ್.ಗೆ
ನಲವತ್ಮೂರನೆಯ ವಯಸ್ಸಿನಲ್ಲಿ.

ಆ ಚಳಿಗಾಲ ತರಗತಿಯೆಲ್ಲ ಗದ್ದಲ.
ಅಸ್ಸಾಮಿನ ರಫೀಕುಲ್, ಕನ್ನಡ ಇನ್ನೂ ಅರ್ಧ ಬಾಯಿ,
ಕಾಫಿ ಹಣ್ಣಿನ ಕೊರಕ ಹುಳುವನ್ನು
ಕಾಗದದ ಮೈಕ್ರೋಸ್ಕೋಪಿನಲ್ಲಿ ಹಿಡಿದು
"ಮಿಸ್, ಇದಕ್ಕೆ ಮೀಸೆ!" ಎಂದು ಕೂಗಿದ.
ದೇಚಮ್ಮ ಆಯಸ್ಕಾಂತಕ್ಕೆ ಅಂಗಳದ ಮಣ್ಣು ತಿನ್ನಿಸಿದಳು.
ಹಿಂದಿನ ಬೆಂಚಿನ ಪಿ.ವೈ. ಸಜಿನಿ ಮಾತ್ರ
ಮೂರು ಬಾಟ್ಲಿ ತಂದಳು.
ಶಾಲೆಯ ನಲ್ಲಿ. ಹಾಡಿಯ ಬಾವಿ. ಲೈನ್‌ಮನೆಯ ಕೆಳಗಿನ ತೋಡು.
ಪಿಎಚ್ ಪಟ್ಟಿ ಅದ್ದಿದಳು, ನೂರು ಎಣಿಸಿದಳು:
ಹಸಿರು. ಹಸಿರು. ಮೂರನೆಯದು
ಮಾಗಿದ ಕಿತ್ತಳೆ ಸಿಪ್ಪೆಯ ಬಣ್ಣ.

ಡಿಸೆಂಬರು, ಮೇಲಿನ ತೋಟದಲ್ಲಿ ಪಲ್ಪರ್ ಓಡುವ ಕಾಲ.
(ಆ ತೋಟದ ಗೇಟಿಗೂ ಹಸಿರೆಲೆಯೇ.)
ಹುಳಿತ ಸಿಪ್ಪೆಯ ವಾಸನೆ ಊರಿಗೆಲ್ಲ ಗೊತ್ತು,
ವಾಸನೆಗೆ ಸಂಖ್ಯೆ ಇರಲಿಲ್ಲ.
ಅವಳು ಬರೆದಳು: ನಾಲ್ಕಕ್ಕೂ ಐದಕ್ಕೂ ನಡುವೆ.
ಕೆಳಗೆ: ಅಮ್ಮ ಇಲ್ಲಿ ಬಟ್ಟೆ ಒಗೆಯುತ್ತಾರೆ. ಕಾಲು ತುರಿಕೆ.
ಓದುತ್ತಿದ್ದಂತೆ ನನ್ನ ನಾಲಗೆ
ನನ್ನದೇ ಹಲ್ಲಿನ ಕಂದು ಗೆರೆ ಸವರಿತು.
ನಮ್ಮೂರ ಬೋರ್‌ವೆಲ್ಲಿಗೂ ಸಂಖ್ಯೆ ಇರಲಿಲ್ಲ.

ಆದರೂ, ಅನಘಾ ಮೇಡಂ ಬರುವ ಹಿಂದಿನ ಸಂಜೆ
(ಇದನ್ನು ಬರೆಯದೆ ಬಿಡಬಹುದಿತ್ತು)
ಅವಳನ್ನು ಕರೆದು ಹೇಳಿದೆ:
"ನಾಳೆ ಜ್ವಾಲಾಮುಖಿ ಮಾಡಮ್ಮ. ಫೋಟೋಗೆ ಚೆನ್ನಾಗಿ ಕಾಣ್ತದೆ."
"ಆಯ್ತು ಮಿಸ್."

ಸೋಡಾಪುಡಿ ಉಕ್ಕಿತು, ಕೆಂಪು ಹರಿಯಿತು, ಚಪ್ಪಾಳೆ.
ಮೇಡಂ ಬಗ್ಗಿ, "ಇನ್ನೇನು ಮಾಡಿದ್ದೀಯ ಪುಟ್ಟಾ?" ಎಂದರು.
ಕೇಳಿದ್ದಕ್ಕೆ ಉತ್ತರ ಕೊಡಬೇಕೆಂದು ಕಲಿಸಿದವಳು ನಾನೇ.
ಸಜಿನಿ ಜಾಮಿಟ್ರಿ ಬಾಕ್ಸು ತೆರೆದಳು:
ಒಣಗಿದ ಒಂಬತ್ತು ಪಟ್ಟಿ, ಬೆನ್ನಿಗೆ ತಾರೀಖು.
ಹೆಡ್‌ಮಾಸ್ಟರು ಕೆಮ್ಮಿದರು.
ಫೋಟೋದವನು ಕ್ಯಾಮೆರಾ ಇಳಿಸಿದ.
ಮೇಡಂ ಕನ್ನಡಕ ಹಣೆಗೇರಿಸಿ
"ಆ ಬಾಟ್ಲಿ ಇದೆಯಾ?" ಎಂದರು.
ತಾವೇ ಅದ್ದಿದರು. ತಾವೇ ನೂರು ಎಣಿಸಿದರು,
ತುಟಿ ಅಲುಗುವುದು ಕಾಣುತ್ತಿತ್ತು.
ಏನೂ ಹೇಳಲಿಲ್ಲ. ಪಟ್ಟಿಯನ್ನು ಡೈರಿಯೊಳಗಿಟ್ಟು
ನಾವಿಟ್ಟ ಕಾಫಿ ಮುಟ್ಟದೆ ಹೋದರು.

ಆರು ತಿಂಗಳು ನಾನು ಕಾದದ್ದು
ವರ್ಗಾವಣೆಯ ಕಾಗದಕ್ಕೆ.
ಜೂನಿನಲ್ಲಿ ಬಂದದ್ದು ಮೊಯ್ದುವಿನ ವ್ಯಾನು,
ಪೆಟ್ಟಿಗೆ, ಮೇಲೆ ಟೈಪು ಮಾಡಿದ ಪಟ್ಟಿ.
ಹದಿನೇಳನೆಯ ಸಾಲು: ಪಿಎಚ್ ಪಟ್ಟಿ, ಒಂದು ಪ್ಯಾಕ್.
'ಒಂದು' ಹೊಡೆದುಹಾಕಿ ನೀಲಿ ಶಾಯಿಯಲ್ಲಿ ಯಾರೋ
'ಐದು' ಎಂದು ಬರೆದಿದ್ದರು.
ಸಹಿ ಇರಲಿಲ್ಲ.

ತೋಡಿನ ಮಾತು ಇನ್ನೂ ಯಾರೂ ಎತ್ತಿಲ್ಲ.
ಬರುವ ಡಿಸೆಂಬರಿಗೂ ಪಲ್ಪರ್ ಓಡುತ್ತದೆ.
ಸಜಿನಿ ಐದನ್ನೂ ಎರಡು ಸಲ ಎಣಿಸಿ
ಒಂದನ್ನು ಒಡೆದಳು.
"ಈಗಲೇ ಯಾಕೆ?" ಎಂದೆ.
"ಮಳೆಗಾಲದ ನೀರನ್ನೂ ಅಳೀಬೇಕಲ್ಲ ಮಿಸ್,
ಹೋಲಿಸಲಿಕ್ಕೆ."
ಹೊರಗೆ ಜೋರು ಹೊಯ್ಯುತ್ತಿತ್ತು.
ಕೊಡೆ ಹುಡುಕಿದೆ,
ಬಾಟ್ಲಿಗಳಲ್ಲಿ ಒಂದನ್ನು ನಾನು ಹಿಡಿದುಕೊಂಡೆ.